ದೆವ್ವದ ಸೇವಾ ಪುಸ್ತಕ

ವರ್ಗಾವಣೆಯ ಕಾಟ ಸರ್ಕಾರಿ ನೌಕರರಿಗೆ ಮಾತ್ರ ಎಂದು ತಿಳಿದವರು ನಮ್ಮ ಸಿನಿಮಾ ದೆವ್ವಗಳ ಸೇವಾ ಪುಸ್ತಕವನ್ನು ಒಮ್ಮೆ ತಿರುವಿ ನೋಡಬೇಕು. 1993ರಲ್ಲಿ ಮಲಯಾಳದ ‘ಮಣಿಚಿತ್ರತಾಳ್’ ಚಿತ್ರದ ಹಳೆಯ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದ ನಾಗವಲ್ಲಿ, 2004ರಲ್ಲಿ ‘ಆಪ್ತಮಿತ್ರ’ದ ಮೂಲಕ ಕರ್ನಾಟಕಕ್ಕೆ ವರ್ಗವಾಗಿ ಬಂದಳು, ಇಲ್ಲಿ ಹಾಜರಿ ಹಾಕಿ ವರ್ಷ ತುಂಬುವ ಮೊದಲೇ ಅದೇ ನಿರ್ದೇಶಕ ಪಿ. ವಾಸು ಅವರ ಕೈಯಿಂದಲೇ ಹೊಸ ಆದೇಶ ಪಡೆದು, ‘ಚಂದ್ರಮುಖಿ’ ಎಂಬ ಹೆಸರಿನಲ್ಲಿ ತಮಿಳುನಾಡಿಗೆ ತೆರಳಿದಳು. 2007ರಲ್ಲಿ ‘ಭೂಲ್ ಭುಲಯ್ಯಾ’ದ ಮಂಜುಲಿಕಾ ಆಗಿ ಮುಂಬೈ ಸೇರಿದಳು.

ಇಷ್ಟು ಊರು ಸುತ್ತಿದರೂ ಆಕೆ ಎಲ್ಲಿಯೂ ಸ್ಥಳೀಯ ಭಾಷೆ ಕಲಿಯಲಿಲ್ಲ. ಮಲಯಾಳದಲ್ಲಿ ತಮಿಳು, ಕನ್ನಡದಲ್ಲಿ ತೆಲುಗು, ತಮಿಳಿನಲ್ಲಿಯೂ ತೆಲುಗು, ಹಿಂದಿಯಲ್ಲಿ ಬಂಗಾಳಿ. ಅಂದರೆ ದೆವ್ವ ಎಲ್ಲ ಚಿತ್ರರಂಗಗಳಿಗೂ ಪಕ್ಕದ ಮನೆಯದೇ ಆಗಬೇಕು, ಕಥೆಯೂ ಪಕ್ಕದ ಮನೆಯಿಂದಲೇ ಬರಬೇಕು. ಪರಭಾಷಿಕರು ಕನ್ನಡ ಕಲಿಯುವುದಿಲ್ಲವೆಂದು ವರ್ಷವಿಡೀ ಕೊರಗುವ ನಾವು, ಆಕೆ ತೆಲುಗಿನಲ್ಲಿ ಹಾಡಿ ಕರೆದ ಕೂಡಲೇ ಶಿಳ್ಳೆ ಹೊಡೆದು ಸ್ವಾಗತಿಸಿದೆವು.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಮೂಲ ಕಥೆಯಲ್ಲಿ ದೆವ್ವವೇ ಇರಲಿಲ್ಲ. ಇದ್ದದ್ದು ಮನಸ್ಸಿನ ಕಾಯಿಲೆ. ಒಬ್ಬ ಮನೋವೈದ್ಯ ಗುಣಪಡಿಸಿದ ಅದೇ ಕಾಯಿಲೆ ರಾಜ್ಯದಿಂದ ರಾಜ್ಯಕ್ಕೆ ಮರುಕಳಿಸುತ್ತಾ ಹೋಗಿ, ಪ್ರತಿ ಸಲವೂ ಹೊಸ ವೈದ್ಯನಿಗೆ ಹೊಸದಾಗಿಯೇ ಕಂಡಿತು. ಕೊನೆಗೆ 2022ರ ‘ಭೂಲ್ ಭುಲಯ್ಯಾ 2’ರಲ್ಲಿ ಮಂಜುಲಿಕಾ ಎಂಬ ಹೆಸರಿಗೆ ನಿಜವಾದ ದೆವ್ವದ ಹುದ್ದೆಗೇ ಬಡ್ತಿ ದೊರೆಯಿತು. ‘ಕಾಂಚನ’ದ ದೆವ್ವದ ಪ್ರವಾಸವೂ ಇಂಥದ್ದೇ: 2011ರಲ್ಲಿ ತಮಿಳು, 2012ರಲ್ಲಿ ‘ಕಲ್ಪನ’ವಾಗಿ ಕನ್ನಡ, 2020ರಲ್ಲಿ ಹಿಂದಿ.

ಗಾಂಧಿನಗರದ ಲೆಕ್ಕಾಚಾರವನ್ನು ತಪ್ಪೆನ್ನಲಾಗದು. ಹೊಸ ಕಥೆ ಬರೆಸಿದರೆ ಪ್ರೇಕ್ಷಕ ಹೆದರುತ್ತಾನೋ ಇಲ್ಲವೋ ಎಂದು ನಿರ್ಮಾಪಕ ಹೆದರಬೇಕಾಗುತ್ತದೆ. ರಿಮೇಕ್ ಹಕ್ಕು ತಂದರೆ ಯಾರೂ ಹೆದರಬೇಕಾಗಿಲ್ಲ. ಯಾವ ಬೀಗ ಯಾವಾಗ ಒಡೆಯುತ್ತದೆ, ಗೆಜ್ಜೆಯ ಸದ್ದು ಎಷ್ಟನೆಯ ನಿಮಿಷಕ್ಕೆ ಕೇಳಿಸುತ್ತದೆ ಎಂಬುದು ಮೂಲ ಚಿತ್ರ ನೋಡಿ ಬಂದವನಿಗೆ ಮೊದಲೇ ಗೊತ್ತಿರುವುದರಿಂದ, ಪಾಪ್‌ಕಾರ್ನ್ ತರಲು ಯಾವಾಗ ಏಳಬಹುದೆಂಬುದೂ ಅವನಿಗೆ ನಿಖರವಾಗಿ ತಿಳಿದಿರುತ್ತದೆ. ಸಾಲದ್ದಕ್ಕೆ ಡಬ್ಬಿಂಗ್ ಮೇಲೆ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. ಪರರಾಜ್ಯದ ದೆವ್ವ ನೇರವಾಗಿ ಬಂದು ಕನ್ನಡ ಮಾತನಾಡಿದರೆ ಸಂಸ್ಕೃತಿ ಕೆಡುತ್ತದೆ, ಅದೇ ದೆವ್ವ ನಮ್ಮ ನಟಿಯ ಮೈಮೇಲೆ ಬಂದರೆ ಸಂಸ್ಕೃತಿ ಉಳಿಯುತ್ತದೆ ಎಂಬ ಸೂಕ್ಷ್ಮ ಮಾಂತ್ರಿಕರಿಗೂ ಹೊಳೆದಿರಲಿಕ್ಕಿಲ್ಲ.

ಸ್ವಂತ ದೆವ್ವ ನಮ್ಮಲ್ಲಿಲ್ಲವೆಂದಲ್ಲ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ವಿಭಜಕದ ಕಲ್ಲುಗಳನ್ನು ಸರಿಸಿ ಗಾಡಿ ತಿರುಗಿಸುವ ನಮ್ಮೆಲ್ಲರ ದುರಭ್ಯಾಸದಿಂದಲೇ 2016ರಲ್ಲಿ ‘ಯೂ ಟರ್ನ್’ ಹುಟ್ಟಿತು. ಅದನ್ನು ನೋಡಿದ ಮೇಲೆ ಆ ಸೇತುವೆ ಹತ್ತುವಾಗ ಕೈ ಒಮ್ಮೆ ಬ್ರೇಕಿನ ಮೇಲೆ ಹೋಗುತ್ತದೆ. ಕೇರಳದ ತರವಾಡು ಮನೆಯನ್ನೇ, ಅಂದರೆ ಹಳೆಯ ಕುಟುಂಬದ ಮನೆಯನ್ನೇ, ಕಾಣದ ನನಗೆ ನಾಗವಲ್ಲಿಯಿಂದ ಅಂಥ ಉಪಕಾರವೇನೂ ಆಗಿಲ್ಲ. ಬೇರೆ ಭಾಷೆಯವರು ಬಿಟ್ಟಾರೆಯೇ, ‘ಯೂ ಟರ್ನ್’ನ ದೆವ್ವಕ್ಕೂ 2018ರಲ್ಲಿ ತೆಲುಗು, ತಮಿಳಿಗೆ ವರ್ಗಾವಣೆಯ ಆದೇಶ ಹೊರಟಿತು.

ಇನ್ನು ತೊಂಬತ್ತರ ದಶಕದಲ್ಲಿ ಮನೆಯವರ ದನಿಯಲ್ಲೇ ಹೆಸರು ಹಿಡಿದು ಬಾಗಿಲು ತಟ್ಟುತ್ತಾಳೆಂದು ಬೆಂಗಳೂರಿಗೆ ಬೆಂಗಳೂರೇ ನಂಬಿದ್ದವಳ ಗತಿ ಕೇಳಿ. ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದು ನಾವು ಆಕೆಯನ್ನು ದಿನವೂ ಸಾಗಹಾಕಿದೆವು. ತಾಲ್ಲೂಕು ಕಚೇರಿಯ ಅಭ್ಯಾಸವಿದ್ದ ನಮಗೆ ಆ ಎರಡು ಪದ ಹೊಳೆದದ್ದು ಸಹಜವೇ. ಅಲೆದಲೆದು ಬೇಸತ್ತ ಆಕೆಯನ್ನು 2018ರಲ್ಲಿ ಹಿಂದಿಯ ‘ಸ್ತ್ರೀ’ ಚಿತ್ರದವರು ಮಧ್ಯಪ್ರದೇಶದ ಚಂದೇರಿಗೆ ಕರೆದೊಯ್ದು, ಅದೇ ಬರಹವನ್ನು ಅಲ್ಲಿನ ಗೋಡೆಗಳ ಮೇಲೆ ಹಿಂದಿಯಲ್ಲಿ ಬರೆಸಿ, ಹಣದ ಹೊಳೆ ಹರಿಸಿಕೊಂಡರು. ನಾಳೆ ಯಾರಾದರೂ ಆ ಚಿತ್ರದ ಹಕ್ಕು ಕೊಂಡು ಆಕೆಯನ್ನು ಕನ್ನಡಕ್ಕೆ ಕರೆತಂದರೆ, ತಾನು ಮೊಟ್ಟಮೊದಲು ತಟ್ಟಿದ ಬಾಗಿಲಿನ ಎದುರೇ ನಿಂತು ಆಕೆ ಹಿಂದಿಯಿಂದ ಅನುವಾದಿಸಿದ ಸಂಭಾಷಣೆಯನ್ನು ಒಪ್ಪಿಸಬೇಕಾಗುತ್ತದೆ.