ಮಗುವನ್ನು ಕಳೆದುಕೊಂಡ ತಾಯಿಗೆ ಸಿಟ್ಟು ಬರಬಾರದೇ?

ನಿನ್ನೆ ರಾತ್ರಿ ಶಿರಸಿಯಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ನಾವೊಂದಿಷ್ಟು ಜನ ಸೇರಿ ‘ಹೆರೆಡಿಟರಿ’ ಎಂಬ ಇಂಗ್ಲಿಷ್ ಹಾರರ್ ಸಿನಿಮಾ ನೋಡಿದೆವು. ಸಿನಿಮಾ ಮುಗಿದು ದೀಪ ಹಾಕಿದ ಮೇಲೆ ಕೇಳಿದ ಮಾತುಗಳಿಗೆ ಬಂದ ಸಿಟ್ಟು ಬೆಳಗಾದರೂ ಇಳಿದಿಲ್ಲ. ಕತೆಯನ್ನು ಬಿಚ್ಚಿಡದೆ ಈ ಸಿಟ್ಟನ್ನು ಹೇಳಲಾಗುವುದಿಲ್ಲ. ನೋಡಬೇಕೆಂದಿರುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ.

ಸಿನಿಮಾ ಇಷ್ಟವಾಗಲಿಲ್ಲ ಎಂಬುದಕ್ಕೆ ನನ್ನ ತಕರಾರಿಲ್ಲ. ‘ಹೆದರಿಕೆಯೇ ಆಗಲಿಲ್ಲ, ಎರಡು ಗಂಟೆ ಯಾರದೋ ಮನೆಜಗಳ ನೋಡಿದಂತಾಯಿತು’ ಎಂದರು ಒಬ್ಬರು. ಇನ್ನೊಬ್ಬರು ಅರ್ಧಕ್ಕೇ ಎದ್ದು ಕೆಳಗೆ ಹೋಗಿ ಚಹಾ ಮಾಡಿಕೊಂಡು ಕುಳಿತಿದ್ದರು. ಅದು ಅವರವರ ರುಚಿ. ನನ್ನನ್ನು ಕೆರಳಿಸಿದ್ದು ಮೂರನೆಯ ಮಾತು. ‘ದೆವ್ವ ಭೂತ ಎಲ್ಲ ಇರಲಿ, ತಾಯಿಯಾದವಳು ಹೆತ್ತ ಮಗನ ಮುಖಕ್ಕೆ ಹಾಗೆ ಮಾತನಾಡುತ್ತಾಳೆಯೇ? ಇಂಥ ತಾಯಿ ಎಲ್ಲಾದರೂ ಇರುತ್ತಾಳೆಯೇ?’ ಕುಳಿತವರಲ್ಲಿ ಅರ್ಧದಷ್ಟು ಜನ ಹೌದೆಂದು ತಲೆಯಾಡಿಸಿದರು.

ರುಂಡವಿಲ್ಲದ ದೇಹಗಳನ್ನು ಅವರು ಒಪ್ಪಿಕೊಂಡಿದ್ದರು. ಕತ್ತಲಲ್ಲಿ ಗೋಡೆಯ ತುದಿಗೆ ಅಂಟಿಕೊಂಡ ಹೆಂಗಸನ್ನೂ, ಇದ್ದಕ್ಕಿದ್ದಂತೆ ಹೊತ್ತಿ ಉರಿದ ಗಂಡನನ್ನೂ ಒಪ್ಪಿಕೊಂಡಿದ್ದರು. ಅವರ ನಂಬಿಕೆಗೆ ದಕ್ಕದೇ ಹೋದದ್ದು ಒಂದೇ: ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಊಟದ ಮೇಜಿನಲ್ಲಿ ಸಿಟ್ಟಿನಿಂದ ಕಿರುಚುವುದು.

ಆ ಮನೆಯಲ್ಲಿ ಆದದ್ದೇನು? ಪಾರ್ಟಿಗೆ ಹೊರಟ ಮಗನ ಜೊತೆ ತಂಗಿಯನ್ನೂ ಹಟಮಾಡಿ ಕಳಿಸಿದವಳು ಆ ತಾಯಿಯೇ. ಅಲ್ಲಿ ಆ ಹುಡುಗಿ ತನ್ನ ಮೈಗೆ ಆಗದ ಬೀಜ ಬೆರೆತ ಕೇಕು ತಿಂದು ಉಸಿರು ಕಟ್ಟುತ್ತದೆ. ಅಣ್ಣ ಕಾರಿನಲ್ಲಿ ಆಸ್ಪತ್ರೆಗೆ ಧಾವಿಸುತ್ತಾನೆ, ದಾರಿಯಲ್ಲಿ ಆಗಬಾರದ್ದು ಆಗುತ್ತದೆ. ಹುಡುಗ ಮಾತಿಲ್ಲದೆ ಮನೆಗೆ ಬಂದು ಹಾಸಿಗೆಯಲ್ಲಿ ಕಣ್ಣು ತೆರೆದುಕೊಂಡೇ ಮಲಗುತ್ತಾನೆ. ಬೆಳಿಗ್ಗೆ ತಾಯಿ ಕಾರಿನ ಬಳಿ ಹೋಗಿ ನೋಡಿ ಕೂಗುವುದು ನಮಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ. ನಮಗೆ ಕಾಣುವುದು ಆ ಹುಡುಗನ ಮುಖ ಮಾತ್ರ. ಆಮೇಲಿನ ದಿನಗಳಲ್ಲಿ ಯಾರೂ ಯಾರಿಗೂ ಏನನ್ನೂ ಹೇಳುವುದಿಲ್ಲ. ಪುಟ್ಟ ಪುಟ್ಟ ಮನೆ, ಕೋಣೆಗಳ ಮಾದರಿ ಮಾಡುವುದು ಆ ತಾಯಿಯ ಕಸುಬು. ಆಕೆ ಮಗಳು ಸತ್ತ ರಸ್ತೆಯನ್ನೇ ಮಾದರಿ ಮಾಡಲು ಕೂರುತ್ತಾಳೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಗನೇ ಕೆಣಕಿದ ಮೇಲೆ ಅಷ್ಟು ದಿನದ್ದೆಲ್ಲ ಹೊರಬೀಳುತ್ತದೆ. ತಾನೇ ಕಳಿಸಿದೆ ಎಂಬುದು ಅವಳಿಗೆ ಗೊತ್ತಿದೆ. ಅದಕ್ಕೇ ಆ ಸಿಟ್ಟಿಗೆ ಅಷ್ಟು ವಿಷ. ಅದನ್ನು ನೋಡಿಯೂ ‘ಎಂಥ ತಾಯಿ’ ಎನ್ನುವವರು ಏನನ್ನು ನೋಡಿದರು?

ತಾಯಿಯ ಪಾತ್ರ ಮಾಡಿದ ಟೋನಿ ಕೊಲೆಟ್ ಆ ದೃಶ್ಯದಲ್ಲಿ ಅಭಿನಯಿಸಿದ ಹಾಗೆ ಇತ್ತೀಚಿನ ವರ್ಷಗಳಲ್ಲಿ ಬೇರೆ ಯಾರೂ ಅಭಿನಯಿಸಿದ್ದನ್ನು ನಾನು ನೋಡಿಲ್ಲ. ಆಕೆಗೆ ಆಸ್ಕರ್ ನಾಮನಿರ್ದೇಶನವೂ ಸಿಗಲಿಲ್ಲ ಎಂಬ ಬೇಸರ ನನಗೆ ಇನ್ನೂ ಇದೆ.

ಈ ಒಡಕು ನಮ್ಮ ಮಹಡಿಯಲ್ಲಿ ಮೊದಲು ಕಂಡದ್ದೇನಲ್ಲ. 2018ರಲ್ಲಿ ಬಂದ ಈ ಸಿನಿಮಾ ನಿರ್ದೇಶಕ ಆರಿ ಆಸ್ಟರ್ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ವಿಮರ್ಶಕರು ಎತ್ತಿ ಹಿಡಿದರು. ಆದರೆ ಬಿಡುಗಡೆಯ ಹೊತ್ತಿನಲ್ಲಿ ಚಿತ್ರಮಂದಿರಕ್ಕೆ ಬಂದ ಪ್ರೇಕ್ಷಕರನ್ನೇ ಕೇಳಿ ದರ್ಜೆ ನೀಡುವ ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆಯಲ್ಲಿ ಇದಕ್ಕೆ ಸಿಕ್ಕಿದ್ದು ‘ಡಿ ಪ್ಲಸ್’ ಎಂಬ ಕಳಪೆ ದರ್ಜೆ. ಸುಮಾರು 1 ಕೋಟಿ ಡಾಲರ್‌ನಲ್ಲಿ ತಯಾರಾಗಿ 8 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, ಅಂದರೆ ಬೈದವರೂ ಟಿಕೆಟ್ ಕೊಂಡೇ ಬೈದರು. ದೆವ್ವ ನೋಡಿ ಕಿರುಚಿ ನಕ್ಕು ಮನೆಗೆ ಹೋಗೋಣವೆಂದು ಬಂದವರನ್ನು ಈ ಚಿತ್ರ ಸಾವಿನ ಮನೆಯೊಳಗೆ ಕೂರಿಸಿತು. ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ.

ಅರ್ಥವಾಗದಿರುವುದು ನಮ್ಮವರದ್ದು. ನಾವು ಯಕ್ಷಗಾನ ನೋಡಿ ಬೆಳೆದವರು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿ ನಡುರಾತ್ರಿ ಸುಡುಗಾಡಿಗೆ ಬರುತ್ತಾಳೆ, ತೆರಿಗೆ ಕೊಡದೆ ಹೆಣ ಸುಡುವಂತಿಲ್ಲ ಎಂದು ಹೆತ್ತ ತಂದೆಯೇ ತಡೆಯುತ್ತಾನೆ. ಇದಕ್ಕಿಂತ ಘೋರವಾದದ್ದನ್ನು ಯಾವ ಊರಿನ ಯಾವ ಸಿನಿಮಾ ತೋರಿಸೀತು? ಅದನ್ನು ನಮ್ಮ ಅಜ್ಜಿಯಂದಿರು ಕಂಬಳಿ ಹೊದ್ದು ಕೂತು ನೋಡಿದ್ದಾರೆ. ‘ಅಲ್ಲಿ ಕೊನೆಗೆ ಶಿವ ಬಂದು ಮಗುವನ್ನು ಬದುಕಿಸುತ್ತಾನಲ್ಲ’ ಎಂದು ನಿನ್ನೆಯೇ ಒಬ್ಬರು ವಾದಿಸಿದರು. ಹಾಗಾದರೆ ರನ್ನನ ಗದಾಯುದ್ಧಕ್ಕೆ ಬನ್ನಿ. ಮರುಳುಗಳು ಅಲೆಯುವ ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ಮಗ ಲಕ್ಷಣಕುಮಾರನ ಶವದ ಮುಂದೆ ನಿಲ್ಲುತ್ತಾನೆ. ತಂದೆಗೆ ಮಗ ತರ್ಪಣ ಕೊಡಬೇಕಾಗಿತ್ತು, ನೀನು ಕ್ರಮವನ್ನೇ ತಿರುಗಿಸಿಬಿಟ್ಟೆಯಲ್ಲ ಎಂದು ಸತ್ತ ಮಗನನ್ನೇ ಕೇಳುತ್ತಾನೆ. ಅಲ್ಲಿ ಯಾರೂ ಎದ್ದು ಕೂರುವುದಿಲ್ಲ. ಸತ್ತವನ ಮೇಲೇ ಆಕ್ಷೇಪ ಮಾಡುವ ತಂದೆಯನ್ನು ಕನ್ನಡ ಸಾವಿರ ವರ್ಷದಿಂದ ತಲೆಯ ಮೇಲಿಟ್ಟುಕೊಂಡು ಬಂದಿದೆ. ಬದುಕಿ ಉಳಿದವನ ಮೇಲೆ ಸಿಟ್ಟಾಗುವ ತಾಯಿಯನ್ನು ಮಾತ್ರ ನಮಗೆ ನೋಡಲಾಗುವುದಿಲ್ಲ.

ಇದು ಸಿನಿಮಾದ ವಿಷಯ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಇಳಿದದ್ದು ನೆನಪಿದೆಯಲ್ಲ? ಕಾಣೆಯಾದವರಿಗಾಗಿ ಎರಡು ತಿಂಗಳು ದಾಟಿದರೂ ಹುಡುಕಾಟ ನಡೆದಿತ್ತು. ಆ ದಿನಗಳಲ್ಲಿ ಒಬ್ಬ ತಾಯಿ ಕ್ಯಾಮೆರಾಗಳ ಮುಂದೆ ನೊಂದು ಆಡಿದ ಮಾತನ್ನು ಹಿಡಿದುಕೊಂಡು ಜಾಲತಾಣಗಳಲ್ಲಿ ಬೈದರು, ಕುಟುಂಬದವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಮಗ ಆಗಿನ್ನೂ ಹೊಳೆಯ ಕೆಸರಿನಲ್ಲಿದ್ದ, ಇತ್ತ ತಾಯಿ ಮಾತನಾಡಿದ ಧಾಟಿ ಸರಿಯಿಲ್ಲ ಎಂದು ತೀರ್ಪು! ಜನ ಅವಳಿಂದ ಕಣ್ಣೀರನ್ನಷ್ಟೇ ಬಯಸಿದ್ದರು, ಪ್ರಶ್ನೆಯನ್ನಲ್ಲ.

ನಮ್ಮ ಮನೆಯ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದೆ. ನನ್ನ ಪುಟ್ಟ ತಮ್ಮ ಜ್ವರದಲ್ಲಿ ತೀರಿಹೋದ. ಮಳೆಗಾಲ, ರಸ್ತೆಗೆ ಮರ ಬಿದ್ದಿತ್ತು, ಹುಬ್ಬಳ್ಳಿ ನೂರು ಕಿಲೋಮೀಟರ್ ದೂರ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಜನ ಎಷ್ಟು ವರ್ಷ ಕೂಗಿದ್ದಾರೆ ಎಂಬುದು ನಿಮಗೆ ಗೊತ್ತಿದೆ, ಅದು ಬೇರೆಯೇ ಬರಹ. ಗೊತ್ತಿಲ್ಲದ್ದನ್ನು ಇವತ್ತು ಹೇಳುತ್ತೇನೆ. ಚಿಕ್ಕ ಮಗುವಿನ ಸಾವಿಗೆ ದೊಡ್ಡವರಿಗಿರುವಷ್ಟು ಕ್ರಿಯಾಕರ್ಮ ಇಲ್ಲ. ನೆಂಟರು ಬೇಗ ಬಂದರು, ಬೇಗ ಹೋದರು. ‘ಇನ್ನೊಂದು ಆಗುತ್ತದೆ ಬಿಡು’ ಎಂದು ಆಯಿಯ ಬೆನ್ನು ಸವರಿದವರ ಮುಖ ನನಗೆ ಇಂದಿಗೂ ನೆನಪಿದೆ. ಆಮೇಲೊಂದು ರಾತ್ರಿ ಬಡಿಸುತ್ತಿದ್ದ ಆಯಿ ಸೌಟನ್ನು ಕೆಳಗಿಟ್ಟು ಅಪ್ಪಯ್ಯನಿಗೆ, ‘ಒಂದು ದಿನ ಕಾದು ನೋಡೋಣ ಎಂದವರು ನೀವು’ ಎಂದಳು. ಅಪ್ಪಯ್ಯ ತಟ್ಟೆಯಿಂದ ತಲೆಯೆತ್ತಲಿಲ್ಲ. ಮತ್ತೆ ಎಷ್ಟೋ ಮಳೆಗಾಲ ಅದೇ ಮಾತು, ಒಮ್ಮೊಮ್ಮೆ ಅದಕ್ಕಿಂತ ಕೆಟ್ಟದ್ದು. ನನ್ನ ಮೇಲೂ ಬರುತ್ತಿತ್ತು. ‘ಹೆಂಗಸು ಬಾಯಿಬಡುಕಿಯಾದಳು’ ಎಂದು ಊರು ಆಡಿಕೊಂಡಿತು. ನಾನು ಆ ಅಡುಗೆಮನೆಯಲ್ಲಿ ಕುಳಿತು ಉಂಡವಳು. ನನ್ನ ಆಯಿ ಕೆಟ್ಟ ತಾಯಿಯಾಗಿರಲಿಲ್ಲ. ಅವಳ ದುಃಖಕ್ಕೆ ಹೊರಹೋಗಲು ಬೇರೆ ಬಾಗಿಲು ಯಾರೂ ತೆರೆದಿರಲಿಲ್ಲ. ಆದ್ದರಿಂದ ‘ಇಂಥ ತಾಯಿ ಎಲ್ಲಿರುತ್ತಾಳೆ’ ಎಂದು ಕೇಳಿದವರಿಗೆ ನನ್ನ ಉತ್ತರ: ನಿಮ್ಮ ಪಕ್ಕದ ಊರಿನಲ್ಲಿದ್ದಳು.

ಒಂದು ಆಕ್ಷೇಪಕ್ಕೆ ತೂಕವಿದೆ ಎನ್ನುವವರಿದ್ದಾರೆ. ಚಿತ್ರದ ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲವೂ ಆ ಮನೆಯ ಅಜ್ಜಿಯ ಮಾಟ, ಅವಳ ಪಂಥದವರು ಪೂಜಿಸುವ ಪೈಮನ್ ಎಂಬ ಪಿಶಾಚಿಯ ಕೆಲಸ ಎಂದಾಗುತ್ತದೆ, ಹಾಗಾಗಿ ಅಷ್ಟು ಹೊತ್ತು ತೋರಿಸಿದ ಶೋಕವೇ ಸುಳ್ಳಾಗುತ್ತದೆ ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಮಗು ಸತ್ತ ಮನೆಗೆ ಕಾರಣ ಬೇಕು. ನಮ್ಮಲ್ಲಿ ನಾಗದೋಷ ಎನ್ನುತ್ತಾರೆ, ಪಿತೃದೋಷ ಎನ್ನುತ್ತಾರೆ, ಗೋಕರ್ಣಕ್ಕೆ ಹೋಗಿ ನಾರಾಯಣಬಲಿ ಮಾಡಿಸಿ ಬರುತ್ತಾರೆ. ನಮ್ಮವರೂ ಹೋಗಿದ್ದರು. ಕಾರಣ ಸಿಕ್ಕರೆ ಗಂಡನನ್ನು ದೂರುವುದು ತಪ್ಪುತ್ತದೆ, ತನ್ನನ್ನು ತಾನು ಶಪಿಸಿಕೊಳ್ಳುವುದೂ ತಪ್ಪುತ್ತದೆ. ಚಿತ್ರದ ತಾಯಿಯೂ ಸತ್ತ ಮಗಳ ಜೊತೆ ಮಾತನಾಡಿಸುತ್ತೇನೆಂದು ಬಂದ ಹೆಂಗಸಿನ ಕೈ ಹಿಡಿದದ್ದು ಆ ಹಸಿವಿನಿಂದಲೇ. ಆ ಹಸಿವನ್ನೇ ಬಲೆ ಮಾಡಿಕೊಂಡವರು ಅಲ್ಲಿ ಕಾಯುತ್ತಿದ್ದರು. ಶೋಕದಲ್ಲಿರುವವರನ್ನು ಬೇಟೆಯಾಡುವ ಇಂಥವರು ನಮ್ಮ ನಡುವೆ ಇಲ್ಲವೇ?

ನೋಡಬೇಕೋ ಬೇಡವೋ ಎಂದು ಕೇಳುವವರಿಗೆ: ಇತ್ತೀಚೆಗೆ ಮನೆಯಲ್ಲಿ ಮಗುವಿನ ಸಾವು ಕಂಡವರಿಗೆ ಈ ಸಿನಿಮಾ ಬೇಡ, ಅವರಿಗೆ ಯಾರೂ ಒತ್ತಾಯ ಮಾಡಲೂಬೇಡಿ. ಉಳಿದವರು ನೋಡಿ. ನಿಧಾನ ಎನ್ನಿ, ಕತ್ತಲು ಜಾಸ್ತಿ ಎನ್ನಿ, ಕೊನೆ ಹಿಡಿಸಲಿಲ್ಲ ಎನ್ನಿ, ಕೆಳಗೆ ಉದ್ದುದ್ದ ಬರೆಯಿರಿ, ಎಷ್ಟು ಹೊತ್ತು ಬೇಕಾದರೂ ವಾದಿಸುತ್ತೇನೆ. ಊಟದ ಮೇಜಿನ ಆ ಹೆಂಗಸು ತಾಯಿಯೇ ಅಲ್ಲ ಎಂದು ಬರೆದರೆ ಮಾತ್ರ ನನ್ನಿಂದ ಉತ್ತರ ನಿರೀಕ್ಷಿಸಬೇಡಿ.