ಆ ಶಾಪಗಳು ಒಬ್ಬೊಬ್ಬರ ಕಾಯಿಲೆಗೆ ಬರೆದದ್ದಲ್ಲ

ಯಾರಿಗೆ ಕಾಯಿಲೆ ಬಂದರೂ ಅದು ಅವರ ಅವಿಧೇಯತೆಯ ಫಲ, ದೇವರ ಮಾತು ಕೇಳಿದರೆ ಆಶೀರ್ವಾದ, ಕೇಳದಿದ್ದರೆ ಶಾಪ ಎನ್ನುವ ಬೈಬಲಿನ ಧರ್ಮೋಪದೇಶಕಾಂಡದ 28ನೇ ಅಧ್ಯಾಯವೇ ಇದಕ್ಕೆ ಸಾಕ್ಷಿ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ಮಾತು ದೇವರು ಇಡೀ ಇಸ್ರಾಯೇಲ್ ಜನಾಂಗದ ಜೊತೆ ಮಾಡಿಕೊಂಡ ಒಡಂಬಡಿಕೆಗೆ, ಅಂದರೆ ಒಪ್ಪಂದಕ್ಕೆ, ಸೇರಿದ್ದು. ಮಳೆ, ಬೆಳೆ, ಯುದ್ಧ, ಸೆರೆ ಎಲ್ಲವೂ ಒಂದು ನಾಡಿಗೇ ಬರುವಂಥವು. ಆಶೀರ್ವಾದಕ್ಕೆ 14 ವಚನ, ಶಾಪಕ್ಕೆ 54 ವಚನ ಇರುವುದು ನಿಜ. ಆದರೆ ಆ ಕಾಲದ ರಾಜರ ಒಪ್ಪಂದಗಳಲ್ಲೂ ಶಾಪವೇ ಜಾಸ್ತಿ. ಕ್ರಿ.ಪೂ. 672ರಲ್ಲಿ ಅಶ್ಶೂರದ ಅರಸ ಏಸರ್ಹದ್ದೋನ್ ಮಾಡಿಸಿದ ಒಪ್ಪಂದದಲ್ಲೂ ಕಬ್ಬಿಣದಂಥ ನೆಲ, ಮಳೆ ಸುರಿಸದ ಕಂಚಿನ ಆಕಾಶ ಎಂಬ ಶಾಪಗಳಿವೆ, 28ನೇ ಅಧ್ಯಾಯದಲ್ಲಿರುವಂತೆಯೇ.

ಹಿಂದಿನ ಅಧ್ಯಾಯವನ್ನೂ ದಯವಿಟ್ಟು ಓದಿ. ಅಲ್ಲಿ ಶಾಪ ಇರುವುದು ಕುರುಡನಿಗೆ ದಾರಿ ತಪ್ಪಿಸುವವನಿಗೆ, ಪರದೇಶಿ, ಅನಾಥ, ವಿಧವೆಯರ ನ್ಯಾಯ ಕೆಡಿಸುವವನಿಗೆ.

ನಮ್ಮಮ್ಮ ಹಾಸಿಗೆ ಹಿಡಿದಾಗ ಪ್ರಾರ್ಥನೆಗೆ ಬಂದ ಒಬ್ಬರು, "ಏನೋ ಪಾಪ ಮಾಡಿರಬೇಕು" ಅಂದುಬಿಟ್ಟರು. ಅಮ್ಮ ಆ ರಾತ್ರಿಯೆಲ್ಲ ಅತ್ತರು. ಬೈಬಲಿನಲ್ಲಿ ತಪ್ಪು ಮಾಡದೆಯೂ ಕಾಯಿಲೆ ಬಿದ್ದ ಯೋಬನಿಗೆ ಅವನ ಗೆಳೆಯರು ಹೇಳಿದ್ದೂ ಇದನ್ನೇ ಅಲ್ವಾ? ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ.