ಸ್ಪಷ್ಟನೆ: ಮನೆ ಹಂಚುವುದು ಕಲಬುರಗಿಯ ಮಂಡಳಿಯಲ್ಲ
ಕೊಪ್ಪಳ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: '371(ಜೆ) ಬಂದ ಮೇಲೆ ಮನೆ ಮಂಜೂರು ಮಾಡೋದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಪಂಚಾಯಿತಿಗೆ ಹೋಗಬೇಡಿ, 500 ರೂಪಾಯಿ ಕೊಟ್ಟರೆ ಪಟ್ಟಿಗೆ ಹೆಸರು ಸೇರಿಸ್ತೀವಿ.' ಇದು ಸುಳ್ಳು.

371(ಜೆ) ಎಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸವಲತ್ತು ಕೊಡುವ ಸಂವಿಧಾನದ ವಿಧಿ. ಕಲಬುರಗಿಯಲ್ಲಿರುವ ಈ ಮಂಡಳಿಯ ದುಡ್ಡು ಹೆಚ್ಚಾಗಿ ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಕಟ್ಟಡದಂಥ ಕಾಮಗಾರಿಗಳಿಗೆ. ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯ ಮನೆಯ ದಾರಿಯೇ ಬೇರೆ. ಫಲಾನುಭವಿಯ ಆಯ್ಕೆ ಊರಿನ ಗ್ರಾಮಸಭೆಯಲ್ಲಿ. ಹಣ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಿಂದ ನೇರ ಖಾತೆಗೆ, ಅದೂ ಕಂತಿನಲ್ಲಿ. ಪಾಯ ಹಾಕಿದ ಮೇಲೆ ಮನೆಯವರನ್ನು ಕಲ್ಲಿನ ಪಕ್ಕ ನಿಲ್ಲಿಸಿ ಪಂಚಾಯಿತಿಯವರು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ಹೊಡೆಯುತ್ತಾರೆ. ಲಿಂಟಲ್, ಛಾವಣಿ ಹಂತದಲ್ಲಿ ಮತ್ತೆ ಅದೇ ಫೋಟೊ. ಅದು ಅಪ್‌ಲೋಡ್ ಆಗದೆ ಮುಂದಿನ ಕಂತು ಬರುವುದಿಲ್ಲ. ಇದರಲ್ಲಿ ಮಧ್ಯವರ್ತಿ ಕೈಯಾಡಿಸುವ ಜಾಗ ಎಲ್ಲಿದೆ?

ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಗೂ (ಗ್ರಾಮೀಣ) ಗ್ರಾಮಸಭೆಯ ಪರಿಶೀಲನೆ ಬೇಕೇ ಬೇಕು. ಬಯಲು ಪ್ರದೇಶಕ್ಕೆ ಅದರ ನೆರವು 1.20 ಲಕ್ಷ ರೂಪಾಯಿ.

ನಮ್ಮ ಜನ ಗ್ರಾಮಸಭೆಗೆ ಹೋಗುವುದೇ ಅಪರೂಪ, ಈ ಪುಕಾರು ಹಬ್ಬಿದ್ದೂ ಅದಕ್ಕೇ ಅನ್ನಿಸುತ್ತದೆ. ದುಡ್ಡು ಕೊಟ್ಟಿದ್ದರೆ ಪೊಲೀಸರಿಗೆ ದೂರು ಕೊಡಿ. ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ ಕೇಳಿ.